ಕಾಗದದ ಪಯಣ
ಕಾಗದದ ಜನ್ಮಭೂಮಿ ಚೀನಾ. ಅದನ್ನು ಪಶ್ಚಿಮಕ್ಕೆ ಸಾಗಿಸಿದ ಕೀರ್ತಿ ಮುಸ್ಲಿಂ ಜಗತ್ತಿನದು. ಕ್ರಿ.ಶ. 751ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರು ಸಮರ್‌ಖಂದದಲ್ಲಿ ಈ ವಿದ್ಯೆಯನ್ನು ಕಲಿಸಿದರೆಂಬುದು ಐತಿಹ್ಯ. ಮಧ್ಯ ಏಷ್ಯಾದಲ್ಲಿ ಕಾಗದದ ಬಳಕೆ ಅದಕ್ಕೂ ಮೊದಲೇ ಇದ್ದಿತು. 8ನೆಯ ಶತಮಾನದ ಕೊನೆಗೆ ಬಾಗ್ದಾದಿನಲ್ಲಿಯೂ ಕಾಗದ ಸಿದ್ಧವಾಗತೊಡಗಿತು.

ಅಗಸೆನಾರು, ಸೆಣಬುಗಳ ಹಳೆಯ ಚಿಂದಿಗಳನ್ನು ನೆನೆಸಿ ಕುಟ್ಟಿ, ಆ ಮುದ್ದೆಯನ್ನು ನೀರಿನಲ್ಲಿ ಕದಡಿ, ಜಾಲರಿಯಿಂದ ಹಾಳೆಯಾಗಿ ಎತ್ತಿ ಒಣಗಿಸುತ್ತಿದ್ದರು; ಬಳಿಕ ಗಂಜಿ ಸವರಿ, ಕಲ್ಲಿನಿಂದ ಉಜ್ಜಿ ನುಣುಪುಗೊಳಿಸುತ್ತಿದ್ದರು.

ಚರ್ಮಪತ್ರದ ಬರಹವನ್ನು ಕೆರೆದು ತಿದ್ದಬಹುದಾಗಿತ್ತು. ಕಾಗದವಾದರೋ ಮಸಿಯನ್ನು ಹೀರುವುದರಿಂದ ತಿದ್ದಿದ ಗುರುತು ಅಡಗುತ್ತಿರಲಿಲ್ಲ. ಆದಕಾರಣವೇ ಖಲೀಫ ಹರೂನ್ ಅಲ್ ರಶೀದನು ಕಚೇರಿಗಳಲ್ಲಿ ಕಾಗದವನ್ನೇ ಬಳಸಲು ಆಜ್ಞಾಪಿಸಿದನೆಂದು ಅರಬ್ಬಿ ಗ್ರಂಥಕಾರ ಅಲ್ ಕಲ್ಕಶಂದಿ ಬರೆದಿದ್ದಾನೆ. ಬರಹಕ್ಕೆ ವಿಶ್ವಾಸವೇ ಪ್ರಾಣವೆಂಬುದು ಇದರಿಂದ ವಿದಿತವಾಗುತ್ತದೆ.

‘ಕಾಗದ’ವೆಂಬ ಶಬ್ದವೂ ಕನ್ನಡಕ್ಕೆ ಪಾರಸಿಯಿಂದಲೇ ಬಂದುದು. ಓಲೆಯನ್ನು ಬಿಟ್ಟು ‘ಕಾಗದ ಬರೆ’ ಎನ್ನುವ ಕನ್ನಡಿಗನ ನುಡಿಯಲ್ಲಿ ಆ ದೀರ್ಘ ಪಯಣದ ನೆನಪು ಇಂದಿಗೂ ಉಳಿದಿದೆ.