ಇಪ್ಪತ್ತೆರಡಕ್ಕೇ ಆಯೋಗದ ಕುರ್ಚಿಯೇ?

ಸಿಯಾಟಲ್‌ನ ಗೆಳತಿಗೆ,

ನಗರದ ಮಾನವ ಹಕ್ಕುಗಳ ಆಯೋಗಕ್ಕೆ ಸೇರುವ ಆಸೆ ನಿಮಗೆ. ‘ಮೊದಲು ಓದು ಮುಗಿಸು’ ಎನ್ನುವುದು ಅಪ್ಪ-ಅಮ್ಮನ ಮಾತು. ನನ್ನ ಉತ್ತರ: ಅರ್ಜಿ ಹಾಕಿ. ‘ಗೆಟ್ ಎಂಗೇಜ್ಡ್’ ಯೋಜನೆಯಡಿ 18ರಿಂದ 29 ವರ್ಷದವರನ್ನು ಅಲ್ಲಿನ ಆಯೋಗಗಳಿಗೆ ಒಂದು ವರ್ಷದ ಮಟ್ಟಿಗೆ ನೇಮಿಸುತ್ತಾರೆ. ಸಂಬಳವಿಲ್ಲ, ಆದರೆ ಮತವಿದೆ.

1963ರಲ್ಲಿ ಹುಟ್ಟಿದ ಈ ಆಯೋಗಕ್ಕೆ ಪೊಲೀಸ್ ಅಧಿಕಾರವೇನೂ ಇಲ್ಲ. ಬಾಡಿಗೆ ಮನೆ ಕೊಡಲಿಲ್ಲ, ಕೆಲಸದಲ್ಲಿ ಭೇದ ಮಾಡಿದರು ಎಂಬ ದೂರುಗಳ ತನಿಖೆ ನಗರದ ನಾಗರಿಕ ಹಕ್ಕುಗಳ ಕಚೇರಿಯದು. ಆಯೋಗದ ಮುಖ್ಯ ಕೆಲಸ ಮೇಯರ್‌ಗೆ, ನಗರಸಭೆಗೆ ಸಲಹೆ ಕೊಡುವುದು. ಬರೀ ಸಲಹೆ ತಾನೆ ಎಂದು ಹಗುರ ಮಾಡಬೇಡಿ. ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ನಿಮ್ಮದೇ, 2023ರ ಫೆಬ್ರುವರಿಯಲ್ಲಿ. ಕಾನೂನೇನೋ ಬಂತು. ಅಡ್ಡಹೆಸರು ಕೇಳುವ ನೆಪದಲ್ಲಿ ಜಾತಿ ಕೆದಕುವುದು, ಊಟದ ಮಾತೆತ್ತಿ ಮನೆತನ ಅಳೆಯುವುದು ಹೇಗೆಂದು ಬಲ್ಲವರು ಆ ಮೇಜಿನ ಸುತ್ತ ಇರದಿದ್ದರೆ ಅದು ಕಾಗದದಲ್ಲೇ ಉಳಿದೀತು. ಕನ್ನಡದ ಮನೆಯಲ್ಲಿ ಬೆಳೆದದ್ದು ಇಲ್ಲಿ ನಿಮ್ಮ ಅರ್ಹತೆ. ಅರ್ಜಿಯಲ್ಲಿ ಅದನ್ನು ಸಂಕೋಚವಿಲ್ಲದೆ ಬರೆಯಿರಿ.

ಸೇರಿದ ಮೇಲೆ ಎಲ್ಲಕ್ಕೂ ಕೈಹಾಕಬೇಡಿ, ಒಂದೇ ವಿಷಯ ಹಿಡಿಯಿರಿ. ನೊಂದವರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಆಡಬೇಡಿ. ಪರೀಕ್ಷೆಯ ದಿನಗಳ ಬಗ್ಗೆ ಆಯೋಗಕ್ಕೆ ಮೊದಲೇ ತಿಳಿಸಿ. ಅಪ್ಪ-ಅಮ್ಮನ ಜೊತೆ ವಾದ ಬೇಡ. ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಮುಂದಿನದಕ್ಕೆ ಅವರನ್ನೂ ಕರೆದುಕೊಂಡು ಹೋಗಿ.