ಕನ್ನಡಕದ ಹೊಳಪು: ಭಾವಚಿತ್ರದಲ್ಲಿ ಕಣ್ಣು ಕಾಣುವ ಬಗೆ

ಭಾವಚಿತ್ರವೆಂದರೆ ಭಾವವನ್ನು ತೋರಿಸುವ ಚಿತ್ರ. ಭಾವವು ಮುಖದಲ್ಲಿ ಮೂಡುವುದು. ಮುಖದಲ್ಲಿಯೂ ವಿಶೇಷವಾಗಿ ಕಣ್ಣಿನಲ್ಲಿ ಮೂಡುವುದು. ಕಣ್ಣು ಕಾಣದ ಭಾವಚಿತ್ರವು ಹೆಸರಿಗೆ ಮಾತ್ರ ಭಾವಚಿತ್ರ. ಹೀಗಿದ್ದರೂ ಕನ್ನಡಕ ಧರಿಸಿದವರ ಚಿತ್ರಗಳಲ್ಲಿ ಹಲವು ವೇಳೆ ಕಣ್ಣುಗಳಿರಬೇಕಾದ ಸ್ಥಳದಲ್ಲಿ ಎರಡು ಬಿಳಿಯ ಬಿಲ್ಲೆಗಳು ಹೊಳೆಯುತ್ತಿರುವುದನ್ನು ನಾವು ಕಾಣುತ್ತೇವೆ. ಈ ಹೊಳಪು ಏಕೆ ಬರುತ್ತದೆ, ಅದನ್ನು ಹೇಗೆ ತಪ್ಪಿಸಬಹುದು, ಬಂದುಬಿಟ್ಟರೆ ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇದೇನು ಅಷ್ಟು ದೊಡ್ಡ ಸಂಗತಿಯೇ ಎಂದು ಕೆಲವರು ಕೇಳಬಹುದು. ಮರಾಠಿಯಲ್ಲಿ ಕನ್ನಡಕಕ್ಕೆ ‘ಚಾಳಿಶಿ’ ಎಂಬ ಹೆಸರುಂಟು. ನಮ್ಮ ಉತ್ತರ ಕರ್ನಾಟಕದ ಹಿರಿಯರೂ ‘ಚಾಳೀಸು’ ಎನ್ನುವರು. ನಲವತ್ತು ತುಂಬಿದ ಮೇಲೆ ಬರುವಂಥದು ಎಂಬ ಅರ್ಥ ಆ ಹೆಸರಿನಲ್ಲಿದೆ. ಇಂದಾದರೋ ಐದನೆಯ ಇಯತ್ತೆಯ ಬೆಂಚುಗಳಲ್ಲಿಯೇ ಕನ್ನಡಕದ ಮಕ್ಕಳು ಕುಳಿತಿರುತ್ತಾರೆ. ವರ್ಗದ ಗುಂಪು ಭಾವಚಿತ್ರ ತೆಗೆಯುವ ದಿನ ಬಂದಿತೆಂದರೆ ಅವರಲ್ಲಿ ಅನೇಕರು ಕನ್ನಡಕವನ್ನು ಮೆಲ್ಲನೆ ತೆಗೆದು ಕಿಸೆಗೆ ಸೇರಿಸುವರು. ಹೊಳಪು ಬರುವುದೆಂದು ಛಾಯಾಚಿತ್ರಕಾರನು ಹೇಳಿದ್ದೊಂದು ಕಾರಣ. ‘ಸೋಡಾಬುಡ್ಡಿ’, ‘ಚಶ್ಮಿಶ್’ ಎಂದು ಗೆಳೆಯರು ಹಾಸ್ಯಮಾಡುವುದು ಇನ್ನೊಂದು ಕಾರಣ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಕಳಿಸುವುದೂ ಅದೇ ಚಿತ್ರವನ್ನೇ. ಕನ್ನಡಕವಿಲ್ಲದೆ ಕಣ್ಣು ಕಿರಿದುಮಾಡಿಕೊಂಡು ನಿಂತ ಮೊಮ್ಮಗನನ್ನು ಅವರು ಗುರುತಿಸಲು ತಡವರಿಸುವರು. ಆದಕಾರಣ ಈ ವಿಷಯವು ಅಲ್ಪವಾದುದಲ್ಲ.

1. ಹೊಳಪು ಬರುವ ಕಾರಣ

ಗಾಜು ಪಾರದರ್ಶಕವೆಂದು ನೀವು ಓದಿರುವಿರಿ. ಆದರೆ ಅದು ಬಂದ ಬೆಳಕನ್ನೆಲ್ಲ ಒಳಕ್ಕೆ ಬಿಡುವುದಿಲ್ಲ. ಸಾಮಾನ್ಯ ಗಾಜಿನ ಮೇಲೆ ನೇರವಾಗಿ ಬಿದ್ದ ನೂರು ಪಾಲು ಬೆಳಕಿನಲ್ಲಿ ಸುಮಾರು ನಾಲ್ಕು ಪಾಲು ಮುಂದಿನ ಮೈಯಿಂದಲೂ ಹೆಚ್ಚುಕಡಿಮೆ ಇನ್ನು ನಾಲ್ಕು ಪಾಲು ಹಿಂದಿನ ಮೈಯಿಂದಲೂ ಹಿಂದಿರುಗುತ್ತವೆ. ದಪ್ಪ ಕನ್ನಡಕವನ್ನು ತೆಳ್ಳಗೆ ಮಾಡಲು ಬಳಸುವ ಹೆಚ್ಚು ವಕ್ರೀಭವನದ ಪ್ಲಾಸ್ಟಿಕ್ಕಿನಲ್ಲಿ ಈ ಪಾಲು ಇನ್ನೂ ಹೆಚ್ಚು.

ನೂರರಲ್ಲಿ ಎಂಟು ಪಾಲು ಬೆಳಕು ಕಣ್ಣನ್ನೇ ಮರೆಮಾಡಬಲ್ಲುದೇ? ಮಾಡಬಲ್ಲುದು. ಕಣ್ಣಿನ ಪಾಪೆಯು ಕಪ್ಪು. ಅದು ಕ್ಯಾಮರಾದ ಕಡೆಗೆ ಕಳಿಸುವ ಬೆಳಕು ಅತ್ಯಲ್ಪ. ದೀಪವಾದರೋ, ಬೆಳಗುವ ಆಕಾಶವಾದರೋ ಮುಖಕ್ಕಿಂತ ಎಷ್ಟೋ ಮಡಿ ಪ್ರಕಾಶವುಳ್ಳದ್ದು. ಅದರ ಎಂಟು ಪಾಲೂ ಪಾಪೆಯ ಬೆಳಕನ್ನು ಮೀರಿಸುವುದು. ಹಗಲಿನಲ್ಲಿ ಬೀದಿಯಿಂದ ಅಂಗಡಿಯ ಕಿಟಕಿಯನ್ನು ನೋಡಿದರೆ ಒಳಗಿನ ಸರಕು ಕಾಣದೆ ಬೀದಿಯೇ ಕಾಣುವುದಲ್ಲವೇ? ಅದೇ ಸಂಗತಿ ಇಲ್ಲಿಯೂ ನಡೆಯುತ್ತದೆ. ಕನ್ನಡಿಯೂ ಕನ್ನಡಕವೂ ಉಚ್ಚಾರದಲ್ಲಿ ನೆರೆಹೊರೆಯವು. ಛಾಯಾಚಿತ್ರದಲ್ಲಿಯೂ ಅವು ನೆರೆಹೊರೆಯವೇ.

2. ನೆನಪಿಡಬೇಕಾದ ಒಂದೇ ಸೂತ್ರ

ಪತನಕೋನವೂ ಪ್ರತಿಫಲನಕೋನವೂ ಸಮವಾಗಿರುತ್ತವೆ ಎಂಬ ನಿಯಮವನ್ನು ವಿಜ್ಞಾನದ ಪಾಠದಲ್ಲಿ ಕಲಿತಿದ್ದೀರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ನಿಯಮವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕನ್ನಡಕದ ಗಾಜಿಗೆ ಎಳೆದ ಲಂಬರೇಖೆಯು ಸ್ಥೂಲವಾಗಿ ನಮ್ಮ ಮೂಗು ತೋರಿಸುವ ದಿಕ್ಕಿನಲ್ಲಿಯೇ ಇರುತ್ತದೆ. ಲಂಬದ ಒಂದು ಬದಿಗೆ ದೀಪವೂ ಇನ್ನೊಂದು ಬದಿಗೆ ಅಷ್ಟೇ ಕೋನದಲ್ಲಿ ಕ್ಯಾಮರಾವೂ ಇದ್ದರೆ ದೀಪದ ಬೆಳಕು ಗಾಜಿಗೆ ತಾಗಿ ನೇರವಾಗಿ ಕ್ಯಾಮರಾವನ್ನು ಸೇರುವುದು. ಆದ್ದರಿಂದ ಸೂತ್ರವಿಷ್ಟು: ಮೂಗು ದೀಪಕ್ಕೂ ಕ್ಯಾಮರಾಕ್ಕೂ ನಟ್ಟನಡುವೆ ತೋರಿಸಬಾರದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕ್ಯಾಮರಾ ನಿಮ್ಮ ನೇರ ಎದುರಿಗಿದೆ. ದೀಪವು ನಿಮ್ಮ ಎಡಕ್ಕೆ 40 ಅಂಶ ಓರೆಯಾಗಿದೆ. ಮುಖವನ್ನು ಕ್ಯಾಮರಾದ ಕಡೆಗೆ ಹಿಡಿದರೆ ದೀಪದ ಪ್ರತಿಫಲನವು ಬಲಕ್ಕೆ 40 ಅಂಶದತ್ತ ಹೋಗುವುದು; ಚಿತ್ರಕ್ಕೆ ಬಾಧೆಯಿಲ್ಲ. ಈಗ ಮುಖವನ್ನು ದೀಪದತ್ತ 20 ಅಂಶ ತಿರುಗಿಸಿರಿ. ಮೂಗು ನಟ್ಟನಡುವೆ ಬಂದಿತು; ಎರಡು ಕೋನಗಳೂ 20 ಅಂಶವಾದವು; ಹೊಳಪು ಪೂರ್ಣವಾಗಿ ಕ್ಯಾಮರಾವನ್ನು ಸೇರಿತು. ಮುಖವನ್ನು ಮತ್ತೆ ಹಿಂದಕ್ಕೆ 10 ಅಂಶ ತಿರುಗಿಸಿದರೆ ಪ್ರತಿಫಲಿತ ಕಿರಣವು 20 ಅಂಶ ದೂರ ಸರಿಯುತ್ತದೆ. ಗಾಜು ತಿರುಗಿದ್ದಕ್ಕೆ ಇಮ್ಮಡಿಯಾಗಿ ಕಿರಣವು ತಿರುಗುವುದೆಂಬುದನ್ನು ಲಕ್ಷ್ಯದಲ್ಲಿಡಬೇಕು. ಆದುದರಿಂದಲೇ ತಲೆಯನ್ನು ತುಸು ಕದಲಿಸಿದರೂ ಸಾಕು, ಹೊಳಪು ಮಾಯವಾಗುತ್ತದೆ.

3. ತಪ್ಪಿಸುವ ಉಪಾಯಗಳು

ಮುಂದೆ ಹೇಳುವ ಉಪಾಯಗಳಲ್ಲಿ ಬಹುತೇಕ ಎಲ್ಲವೂ ಆ ಸೂತ್ರದಿಂದಲೇ ಹೊರಟವುಗಳು.

(ಅ) ಕ್ಯಾಮರಾದ ಫ್ಲಾಶನ್ನು ಆರಿಸಿರಿ. ಮೊಬೈಲಿನಲ್ಲಿ ಫ್ಲಾಶು ಕ್ಯಾಮರಾದ ಮಗ್ಗುಲಲ್ಲಿಯೇ ಇರುತ್ತದೆ. ದೀಪವೂ ಕ್ಯಾಮರಾವೂ ಒಂದೇ ಕಡೆಯಿದ್ದರೆ, ಕ್ಯಾಮರಾವನ್ನು ನೇರವಾಗಿ ನೋಡುವವನ ಮೂಗು ಎರಡಕ್ಕೂ ನಡುವೆಯೇ ಇದ್ದಂತಾಯಿತು. ಫ್ಲಾಶು ಅನಿವಾರ್ಯವಾದರೆ ಮುಖವನ್ನು 15 ಅಂಶದಷ್ಟು ಓರೆಮಾಡಿ ಕಣ್ಣುಗಳನ್ನು ಮಾತ್ರ ಕ್ಯಾಮರಾದತ್ತ ತಿರುಗಿಸಬೇಕು.

(ಆ) ದೀಪವನ್ನು ಎತ್ತರಕ್ಕೆ ಒಯ್ಯಿರಿ. ಮೇಲಿನಿಂದ ಬಂದ ಬೆಳಕು ಗಾಜಿಗೆ ತಾಗಿ ಎದೆಯ ಮುಂದೆ ನೆಲದತ್ತ ಇಳಿಯುತ್ತದೆ. ಆದರೆ ದೀಪವು ತಲೆಯ ಮೇಲೆಯೇ ಬಂದರೆ ಹುಬ್ಬಿನ ಹಾಗೂ ಕನ್ನಡಕದ ಕಟ್ಟಿನ ನೆರಳು ಕಣ್ಣಿನ ಮೇಲೆ ಬೀಳುವುದು. ಎದುರಿನಿಂದ ತುಸು ಪಕ್ಕಕ್ಕೆ, ಮುಖಕ್ಕಿಂತ ಮೇಲೆ ಇರುವುದು ಉತ್ತಮ.

(ಇ) ಗದ್ದವನ್ನು ಎತ್ತಬೇಡಿರಿ. ಗದ್ದ ಎತ್ತಿದರೆ ಮೂಗು ದೀಪದ ಕಡೆಗೆ, ಬಯಲಿನಲ್ಲಾದರೆ ಆಕಾಶದ ಕಡೆಗೆ ಏರುವುದು. ಗದ್ದವನ್ನು ಒಂದಿಷ್ಟು ತಗ್ಗಿಸಿದರೆ ಹೊಳಪು ಕೆಳಗಿಳಿಯುವುದು. ಅತಿಯಾಗಿ ತಗ್ಗಿಸಿದರೆ ಕಟ್ಟಿನ ಮೇಲಂಚು ಕಣ್ಣಿಗೆ ಅಡ್ಡ ಬಂದೀತು.

(ಈ) ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿರಿ. ಮುಖವನ್ನು ಅಲುಗಿಸದೆಯೇ ಗಾಜುಗಳು ಮುಂದಕ್ಕೆ ಬಾಗುತ್ತವೆ. ಬೆರಳಿನಿಂದ ಎತ್ತಿದ ಆ ಅಲ್ಪ ಬಾಗು ಇಮ್ಮಡಿಯಾಗಿ ಫಲಿಸುವುದು. ಎದುರಿನಿಂದ ನೋಡುವವನಿಗೆ ಈ ಬದಲಾವಣೆ ತಿಳಿಯುವುದೇ ಇಲ್ಲ. ಕಡ್ಡಿಯನ್ನು ಹೆಚ್ಚು ಎತ್ತಿದರೆ ಮಾತ್ರ ಕನ್ನಡಕವು ಜಾರಿದಂತೆ ತೋರುವುದು.

(ಉ) ಛಾಯಾಚಿತ್ರಕಾರನ ಬೆನ್ನ ಹಿಂದೆ ಏನಿದೆಯೆಂದು ನೋಡಿರಿ. ನಮ್ಮ ಚಾಳಿನ ಗ್ಯಾಲರಿಯಲ್ಲಿ ತೆಗೆದ ಚಿತ್ರದಲ್ಲಿ ಎದುರಿನ ಸುಣ್ಣದ ಗೋಡೆ, ಮನೆಯೊಳಗೆ ತೆಗೆದದ್ದರಲ್ಲಿ ಟ್ಯೂಬ್‌ಲೈಟು, ಸ್ವತಃ ತೆಗೆದುಕೊಂಡ ಚಿತ್ರದಲ್ಲಿ ಮೊಬೈಲಿನ ಪರದೆ ಗಾಜಿನಲ್ಲಿ ಮೂಡಿರುತ್ತದೆ. ಬೆಳಗುವ ವಸ್ತುವಿನ ಬದಲು ಅಲ್ಲಿ ಮರವಾಗಲಿ ನೆರಳಿನ ಗೋಡೆಯಾಗಲಿ ಇರಬೇಕು. ಶಾಲೆಯ ಅಂಗಳದಲ್ಲಿ ಗುಂಪು ಚಿತ್ರ ತೆಗೆಯುವಾಗ ಮಕ್ಕಳನ್ನು ನಿಲ್ಲಿಸುವ ಮೊದಲೇ ಈ ವಿಚಾರ ಮಾಡತಕ್ಕದ್ದು. ನಲವತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿದ ಮೇಲೆ ಕದಲಿಸುವುದು ಸುಲಭವಲ್ಲ.

(ಊ) ಗುಂಡಿ ಒತ್ತುವ ಮೊದಲು ಕ್ಯಾಮರಾ ಇರುವ ಸ್ಥಳದಲ್ಲಿ ನಿಮ್ಮ ಕಣ್ಣನ್ನಿಟ್ಟು ಒಂದೇ ಕಣ್ಣಿನಿಂದ ನೋಡಿರಿ. ಆಗ ಕಂಡ ಹೊಳಪು ಚಿತ್ರದಲ್ಲಿಯೂ ಬರುವುದು, ಕಾಣದಿದ್ದರೆ ಬಾರದು. ಇದಕ್ಕೆ ಯಾವ ಖರ್ಚೂ ಇಲ್ಲ.

ಇಲ್ಲಿ ಒಂದು ಮಾತು. ಎಲ್ಲರ ಗಾಜೂ ಒಂದೇ ರೀತಿಯಲ್ಲಿ ವರ್ತಿಸುವುದಿಲ್ಲ. ದೂರದ್ದು ಕಾಣದವರ ಮಸೂರದ ಮುಂದಿನ ಮೈ ಸಾಮಾನ್ಯವಾಗಿ ಚಪ್ಪಟೆಯ ಕಡೆಗಿರುತ್ತದೆ. ಅದರ ಮೇಲೆ ಹೊಳಪು ಬಂದರೆ ಗಾಜನ್ನೆಲ್ಲ ತುಂಬುವುದು, ತುಸು ತಿರುಗಿದರೆ ಪೂರ್ತಿಯಾಗಿ ಹೋಗುವುದು. ಹತ್ತಿರದ್ದು ಕಾಣದವರ ಮಸೂರವು ಹೆಚ್ಚು ಉಬ್ಬಿರುತ್ತದೆ. ಉಬ್ಬುಗನ್ನಡಿಯಂತೆ ಅದು ಸುತ್ತಲಿನ ಬಹಳಷ್ಟನ್ನು ಕಿರಿದುಮಾಡಿ ತೋರಿಸುವುದು. ಅಲ್ಲಿ ಹೊಳಪು ಸಣ್ಣ ಚುಕ್ಕೆಯಾಗಿ ಉಳಿದೇ ಉಳಿಯುತ್ತದೆ. ಅದನ್ನು ಪಾಪೆಯ ಮೇಲಿನಿಂದ ಅಂಚಿಗೆ ಸರಿಸಿದರೆ ಸಾಕು.

4. ಲೇಪವುಳ್ಳ ಗಾಜು

ಪ್ರತಿಫಲನವನ್ನು ಗಾಜಿನಲ್ಲಿಯೇ ತಗ್ಗಿಸುವ ಉಪಾಯವೂ ಉಂಟು. 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿಯು ಮಸೂರಗಳಿಗೆ ಅತ್ಯಂತ ತೆಳುವಾದ ಲೇಪವನ್ನು ಕೊಡುವ ವಿಧಾನವನ್ನು ಕಂಡುಹಿಡಿದನು. ಮೆಗ್ನೀಸಿಯಂ ಫ್ಲೋರೈಡಿನ ಒಂದೇ ಪದರವಾದರೆ ಅದರ ದಪ್ಪವು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದಷ್ಟಿರುತ್ತದೆ. ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು, ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರುವಂತೆ ಕೂಡಿ, ಪರಸ್ಪರ ಅಡಗಿಹೋಗುತ್ತವೆ. ಇಂದಿನ ಕನ್ನಡಕಗಳಲ್ಲಿ ಇಂತಹ ಹಲವು ಪದರಗಳಿರುತ್ತವೆ. ಆದರೂ ಎಲ್ಲ ಬಣ್ಣದ ಬೆಳಕೂ ಸಮನಾಗಿ ಅಡಗುವುದಿಲ್ಲ. ಲೇಪವುಳ್ಳ ಗಾಜಿನಲ್ಲಿ ಹಸುರು ಅಥವಾ ನೀಲಿಯ ಮಸುಕು ಛಾಯೆ ಕಾಣುವುದು ಇದರಿಂದಲೇ. ಇಂತಹ ಗಾಜಿಗೆ ಬೆಲೆ ಹೆಚ್ಚು. ಎಲ್ಲರೂ ಕೊಳ್ಳಲಾರರು, ಕೊಳ್ಳಲೇಬೇಕೆಂದೂ ಇಲ್ಲ. ಮೇಲಿನ ಸೂತ್ರವು ಲೇಪವಿಲ್ಲದ ಗಾಜಿಗೂ ಸಲ್ಲುತ್ತದೆ.

ಕ್ಯಾಮರಾದ ಮುಂದೆ ಪೋಲರೈಜಿಂಗ್ ಫಿಲ್ಟರನ್ನು ಇಟ್ಟರೆ ಹೊಳಪು ಹೋಗುವುದೆಂದು ಕೆಲವರು ಹೇಳುವರು. ಇದು ಅರ್ಧಸತ್ಯ. 1815ರಲ್ಲಿ ಡೇವಿಡ್ ಬ್ರೂಸ್ಟರನು ಗೊತ್ತುಪಡಿಸಿದ ನಿಯಮದಂತೆ, ಗಾಜಿನಿಂದ ಸುಮಾರು 56 ಅಂಶದ ಕೋನದಲ್ಲಿ ಹಿಂದಿರುಗುವ ಬೆಳಕನ್ನು ಮಾತ್ರ ಆ ಫಿಲ್ಟರು ಪೂರ್ಣವಾಗಿ ತಡೆಯಬಲ್ಲುದು. ಭಾವಚಿತ್ರದಲ್ಲಿ ನಾವು ಮುಖವನ್ನು ಬಹುಮಟ್ಟಿಗೆ ಎದುರಿನಿಂದಲೇ ನೋಡುವುದರಿಂದ ಅದರ ಪ್ರಯೋಜನ ಕಡಿಮೆ.

5. ಬಂದ ಹೊಳಪನ್ನು ತಿದ್ದುವುದು

ಮೊದಲನೆಯ ಹಾಗೂ ಶ್ರೇಷ್ಠವಾದ ತಿದ್ದುಪಡಿಯೆಂದರೆ ಚಿತ್ರವನ್ನು ಇನ್ನೊಮ್ಮೆ ತೆಗೆಯುವುದು. ಕುಳಿತವರು ಎದ್ದುಹೋಗುವ ಮುನ್ನವೇ ಚಿತ್ರವನ್ನು ದೊಡ್ಡದು ಮಾಡಿ ಕಣ್ಣುಗಳನ್ನು ಪರೀಕ್ಷಿಸಿರಿ.

ಎರಡನೆಯದು ಜೋಡಿ ಚಿತ್ರದ ಉಪಾಯ. ಕ್ಯಾಮರಾವನ್ನು ಸ್ಥಿರವಾಗಿಟ್ಟು, ಕುಳಿತವರು ಅಲುಗದಂತೆ, ಕನ್ನಡಕದೊಡನೆ ಒಂದು ಚಿತ್ರವನ್ನೂ ಕನ್ನಡಕವನ್ನು ತೆಗೆದು ಇನ್ನೊಂದನ್ನೂ ತೆಗೆಯಬೇಕು. ಅನಂತರ ಗಣಕಯಂತ್ರದಲ್ಲಿ ಎರಡನೆಯ ಚಿತ್ರದ ಕಣ್ಣುಗಳನ್ನು ಮೊದಲನೆಯದರ ಕಟ್ಟಿನೊಳಗೆ ಕೂಡಿಸಬಹುದು. ಗಾಜು ಕಳಚಿದ ಬರಿಯ ಕಟ್ಟನ್ನು ಧರಿಸಿ ಚಿತ್ರ ತೆಗೆಸಿಕೊಳ್ಳುವ ಪದ್ಧತಿಯೂ ಉಂಟು.

ಮೂರನೆಯದು ಕಲೆ ಅಳಿಸುವುದು. ಹೊಳಪು ಕೆನ್ನೆಯ ಅಥವಾ ರೆಪ್ಪೆಯ ಭಾಗದ ಮೇಲಿದ್ದರೆ ಪಕ್ಕದ ಚರ್ಮದ ಬಣ್ಣವನ್ನು ತಂದು ಮುಚ್ಚಬಹುದು. ಮೊದಲು ಸ್ಟುಡಿಯೋಗಳಲ್ಲಿ ಸಣ್ಣ ಕುಂಚದಿಂದ ಕೈಯಾರೆ ಮಾಡುತ್ತಿದ್ದ ಕೆಲಸವನ್ನು ಇಂದು ಗಣಕಯಂತ್ರವು ಮಾಡುತ್ತದೆ. ಆದರೆ ಪಾಪೆಯೇ ಬಿಳಿಯ ಹೊಳಪಿನಲ್ಲಿ ಮುಳುಗಿದ್ದರೆ ಅಲ್ಲಿ ಉಳಿದ ಗುರುತು ಏನೂ ಇರುವುದಿಲ್ಲ. ಇಂದಿನ ಯಂತ್ರಗಳು ಅಲ್ಲಿಯೂ ಒಂದು ಕಣ್ಣನ್ನು ಕಲ್ಪಿಸಿ ಬರೆದುಕೊಡುತ್ತವೆ. ಅದು ಅಂದವಾಗಿದ್ದರೂ ಇರಬಹುದು. ಆದರೆ ಅದು ನಿಮ್ಮ ಕಣ್ಣಲ್ಲ. ಗುರುತಿಗಾಗಿ ಕೊಡುವ ಚಿತ್ರದಲ್ಲಿ ಇಂತಹ ಕಲ್ಪನೆಗೆ ಎಡೆಯಿಲ್ಲ. ಅಲ್ಲಿ ಹೊಸ ಚಿತ್ರವೇ ದಾರಿ.

6. ಕನ್ನಡಕವನ್ನು ತೆಗೆಯಬೇಕೆ?

ನಿಯಮವಿರುವಲ್ಲಿ ತೆಗೆಯಲೇಬೇಕು. ಅಮೆರಿಕೆಯ ಪಾಸ್‌ಪೋರ್ಟಿನ ಚಿತ್ರದಲ್ಲಿ 2016ರ ನವೆಂಬರ್ 1ರಿಂದ ಕನ್ನಡಕಕ್ಕೆ ಅನುಮತಿಯಿಲ್ಲ; ವೈದ್ಯಕೀಯ ಕಾರಣವಿದ್ದರೆ ಮಾತ್ರ ವಿನಾಯಿತಿ. ಅರ್ಜಿಯ ಚಿತ್ರ ತೆಗೆಸುವ ಮೊದಲು ಅದರ ನಿಯಮಗಳನ್ನು ಓದಿಕೊಳ್ಳುವುದು ಜಾಣತನ. ಆದರೆ ಶಾಲೆಯ ಗುಂಪು ಚಿತ್ರಕ್ಕಾಗಲಿ ಮನೆಯ ಗೋಡೆಯ ಚಿತ್ರಕ್ಕಾಗಲಿ ಇಂತಹ ನಿಯಮವಿಲ್ಲ.

ಮಹಾತ್ಮಾ ಗಾಂಧಿಯವರ ಮುಖವನ್ನು 1996ರಿಂದ ಬಂದ ನೋಟುಗಳ ಮೇಲೆ ನಾವು ಪ್ರತಿದಿನ ನೋಡುತ್ತೇವೆ. ಕನ್ನಡಕವೂ ಇದೆ, ಅದರ ಹಿಂದೆ ನಗುವ ಕಣ್ಣುಗಳೂ ಇವೆ. 2016ರ ನಂತರದ ಹೊಸ ನೋಟುಗಳ ಹಿಂಬದಿಯಲ್ಲಿ ಸ್ವಚ್ಛ ಭಾರತದ ಚಿಹ್ನೆಯಾಗಿ ಅವರ ಕನ್ನಡಕವೊಂದೇ ಇದೆ. ಮುಖವಿಲ್ಲದಿದ್ದರೂ ಅದು ಯಾರದೆಂದು ಮಗುವೂ ಹೇಳಬಲ್ಲುದು. ಡಾಕ್ಟರ್ ಅಂಬೇಡ್ಕರರ ಚಿತ್ರವನ್ನು ಕನ್ನಡಕವಿಲ್ಲದೆ ಕಲ್ಪಿಸಿಕೊಳ್ಳಲು ಪ್ರಯತ್ನಿಸಿರಿ, ಸಾಧ್ಯವಾಗಲಾರದು. ನಿತ್ಯವೂ ಧರಿಸುವ ಕನ್ನಡಕವು ಮುಖದ ಅಂಗವೇ ಆಗಿಬಿಡುತ್ತದೆ. ಅದನ್ನು ತೆಗೆದಾಗ ಮೂಗಿನ ಮೇಲೆ ಎರಡು ಗುರುತುಗಳು ಉಳಿಯುವವು. ದೂರದ್ದು ಕಾಣದ ಕಣ್ಣುಗಳು ಕ್ಯಾಮರಾವನ್ನು ಹುಡುಕುತ್ತ ಕಿರಿದಾಗುವವು.

ವಿದ್ಯಾರ್ಥಿಗಳಿರಾ, ಹೊಳಪಿನ ತಪ್ಪು ಕನ್ನಡಕದ್ದಲ್ಲ, ಧರಿಸಿದವರದಂತೂ ಅಲ್ಲವೇ ಅಲ್ಲ. ಅದು ದೀಪ, ಗಾಜು, ಕ್ಯಾಮರಾ ಈ ಮೂರೂ ನಿಂತ ಸ್ಥಾನದ ಫಲ. ಸ್ಥಾನ ಬದಲಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಗುಂಪು ಚಿತ್ರದ ದಿನ ಯಾರೊಬ್ಬರೂ ಕನ್ನಡಕವನ್ನು ಕಿಸೆಯಲ್ಲಿ ಬಚ್ಚಿಡದಿರಲಿ. ಕನ್ನಡಕವಿಲ್ಲದವರು ಹಾಸ್ಯ ಮಾಡುವ ಬದಲು ಗೆಳೆಯನ ಎದುರಿಗೆ ನಿಂತು, “ಗದ್ದ ಸ್ವಲ್ಪ ತಗ್ಗಿಸು, ಈಗ ನಿನ್ನ ಕಣ್ಣು ಕಾಣುತ್ತಿದೆ” ಎಂದು ಹೇಳಲಿ.

ಮಾಡಿ ನೋಡಿರಿ

1. ಸಣ್ಣ ಕನ್ನಡಿಯಿಂದ ಬಿಸಿಲನ್ನು ಗೋಡೆಯ ಮೇಲೆ ಬೀಳಿಸಿರಿ. ಕನ್ನಡಿಯನ್ನು 10 ಅಂಶ ತಿರುಗಿಸಿದಾಗ ಪ್ರತಿಫಲಿತ ಕಿರಣವು ಎಷ್ಟು ಅಂಶ ತಿರುಗಿತೆಂದು ಅಳೆಯಿರಿ. ಬಿಸಿಲನ್ನು ಯಾರ ಕಣ್ಣಿಗೂ ಬಿಡಕೂಡದು.

2. ಕ್ಯಾಮರಾ ನೇರ ಎದುರಿಗೆ, ದೀಪವು ಬಲಕ್ಕೆ 60 ಅಂಶ ಓರೆಯಾಗಿದೆ. ಮುಖವನ್ನು ಯಾವ ಕಡೆಗೆ, ಎಷ್ಟು ಅಂಶ ತಿರುಗಿಸಿದಾಗ ಹೊಳಪು ಪೂರ್ಣವಾಗಿ ಬರುವುದು? ಚಿತ್ರ ಬರೆದು ತೋರಿಸಿರಿ.

3. ನಿಮ್ಮ ಮನೆಯಲ್ಲಿ ಕನ್ನಡಕ ಧರಿಸುವ ಹಿರಿಯರೊಬ್ಬರ ಭಾವಚಿತ್ರವನ್ನು, ಕನ್ನಡಕ ತೆಗೆಸದೆ, ಎರಡು ಕಣ್ಣುಗಳೂ ಕಾಣುವಂತೆ ತೆಗೆದು ಊರಿಗೆ ಕಳಿಸಿರಿ.