ಬಾಯಿಪಾಠ ಬೇಡ, ಪದ ಬಿಡಿಸಿ ನೋಡೋಣ

ಥರ್ಮೋಡೈನಾಮಿಕ್ಸ್ ಶುರುವಾದ ವಾರವೇ ನಮ್ಮಲ್ಲಿ ಅನೇಕರಿಗೆ ತಲೆ ತಿರುಗುತ್ತೆ. ಐಸೋಥರ್ಮಲ್, ಐಸೋಬಾರಿಕ್, ಐಸೋಕೋರಿಕ್, ಅಡಯಾಬ್ಯಾಟಿಕ್: ಎಲ್ಲ ಒಂದೇ ಥರ ಕೇಳಿಸುತ್ತವೆ. ಕನ್ನಡ ಮೀಡಿಯಮ್ಮಿನಿಂದ ಬಂದವರಂತೂ ‘ನಮಗೆ ಇಂಗ್ಲಿಷ್ ಬರಲ್ಲ’ ಅಂತ ಸುಮ್ಮನಾಗಿಬಿಡುತ್ತೇವೆ. ಆದರೆ ಇವು ಇಂಗ್ಲಿಷಿಗೂ ಗ್ರೀಕ್ ಬೇರುಗಳಿಂದ ಬಂದ ಪದಗಳು. ಬಿಡಿಸೋ ವಿದ್ಯೆಯೂ ಹೊಸದಲ್ಲ. ಹೈಸ್ಕೂಲಿನಲ್ಲಿ ಓದಿದ ಉಪಸರ್ಗ, ಧಾತು, ಪ್ರತ್ಯಯ ನೆನಪಿದ್ದರೆ ಸಾಕು.

ಮುಂದಿನ ತುಂಡು ಮತ್ತು ಬೇರು

‘ಐಸೋ’ ಅಂದರೆ ಸಮ. ‘ಥರ್ಮ್’ ಬಿಸಿ, ‘ಬಾರ್’ ತೂಕ, ಒತ್ತಡ (ಬ್ಯಾರೋಮೀಟರಿನಲ್ಲೂ ಇದೇ), ‘ಕೋರ್’ ಜಾಗ. ಹಾಗಾಗಿ ಮೊದಲ ಮೂರರಲ್ಲಿ ಕ್ರಮವಾಗಿ ತಾಪ, ಒತ್ತಡ, ಗಾತ್ರ ಬದಲಾಗಲ್ಲ.

ಅಡಯಾಬ್ಯಾಟಿಕ್‌ನಲ್ಲಿ ‘ಅ’ ಅಂದರೆ ಇಲ್ಲ, ‘ಡಯಾ’ ಅಂದರೆ ಮೂಲಕ, ‘ಬ್ಯಾಟ್’ ಅಂದರೆ ಹೋಗು. ಒಟ್ಟಿನಲ್ಲಿ, ದಾಟಿ ಹೋಗಲಾಗದ್ದು. ಈ ‘ಅ’ ನಮ್ಮ ‘ಅನ್ಯಾಯ’ದ ಮೊದಲಲ್ಲಿರುವ ‘ಅ’ಕಾರದ ನೆಂಟ. ಆದರೆ ಏನು ದಾಟಲ್ಲ ಅನ್ನೋದನ್ನ ಪದ ಹೇಳಲ್ಲ. ಅದು ಶಾಖ ಅಂತ ಹೇಳೋದು ಡೆಫಿನಿಷನ್. ಪದ ಬಿಡಿಸೋದು ನೆನಪಿಗೆ ಆಸರೆ ಅಷ್ಟೇ, ಡೆಫಿನಿಷನ್ನಿಗೆ ಬದಲಿ ಅಲ್ಲ.

ಕೊನೆಯ ತುಂಡು

ರೆಸಿಸ್ಟರ್, ರೆಸಿಸ್ಟೆನ್ಸ್, ರೆಸಿಸ್ಟಿವಿಟಿ. ಬೇರು ಒಂದೇ, ಬಾಲ ಬೇರೆ. ‘-ಅರ್’ ಬಂದರೆ ಕೈಯಲ್ಲಿ ಹಿಡಿಯೋ ವಸ್ತು. ‘-ಅನ್ಸ್’ ಬಂದರೆ ಆ ವಸ್ತುವಿನ ಗುಣ, ಅಳತೆ ಓಮ್‌ನಲ್ಲಿ. ‘-ಇವಿಟಿ’ ಬಂದರೆ ಅದನ್ನು ಮಾಡಿದ ಪದಾರ್ಥದ ಗುಣ, ಅಳತೆ ಓಮ್-ಮೀಟರ್‌ನಲ್ಲಿ. ತಂತಿಯನ್ನು ಅರ್ಧಕ್ಕೆ ಕತ್ತರಿಸಿದರೆ ರೆಸಿಸ್ಟೆನ್ಸ್ ಅರ್ಧವಾಗುತ್ತೆ, ರೆಸಿಸ್ಟಿವಿಟಿ ಹಾಗೇ ಇರುತ್ತೆ. ವೈವಾದಲ್ಲಿ ನಾವು ಎಡವೋದು ಇಲ್ಲೇ. ಕಂಡಕ್ಟೆನ್ಸ್, ಕಂಡಕ್ಟಿವಿಟಿಗೂ ಇದೇ ಲೆಕ್ಕ.

ಮೋಸ ಹೋಗೋ ಜಾಗ

‘ಇನ್-’ ಬಂದರೆ ‘ಅಲ್ಲ’ ಅಂತ ಕಲಿತಿದ್ದೇವೆ. ಮುಂದಿನ ಅಕ್ಷರ ನೋಡಿ ಅದು ರೂಪವನ್ನೂ ಬದಲಿಸುತ್ತೆ: ಇಂಪಾಸಿಬಲ್, ಇಲ್ಲೀಗಲ್, ಇರ್‌ರೆಗ್ಯುಲರ್. ಸತ್ ಮತ್ತು ಜನ ಸೇರಿ ಸಜ್ಜನ ಆದ ಹಾಗೆ, ಇದೂ ಒಂಥರಾ ಸಂಧಿಯೇ.

ಆದರೆ ಇದೇ ‘ಇನ್-’ಗೆ ‘ಒಳಗೆ’ ಅನ್ನೋ ಅರ್ಥವೂ ಇದೆ. 1886ರಲ್ಲಿ ಆಲಿವರ್ ಹೆವಿಸೈಡ್ ಬಳಕೆಗೆ ತಂದ ಇಂಪೀಡೆನ್ಸ್ ಪದದ ಬೇರಿನಲ್ಲಿ ಲ್ಯಾಟಿನ್ನಿನ ‘ಪೆಡ್’, ಅಂದರೆ ಕಾಲು, ಇದೆ. ಕಾಲಿಗೆ ತೊಡಕು ಹಾಕೋದು ಅಂತ ಮೂಲಾರ್ಥ. ಪೆಡಲ್‌ನಲ್ಲೂ ಅದೇ ಕಾಲು.

ಇದು ಬರೀ ಮಾರ್ಕ್ಸಿನ ಮಾತಲ್ಲ. ಕೆಮಿಸ್ಟ್ರಿ ಲ್ಯಾಬಿನ ಬಾಟಲಿ ಮೇಲೆ ‘ಇನ್‌ಫ್ಲೇಮಬಲ್’ ಅಂತ ಇದ್ದರೆ ‘ಉರಿಯಲ್ಲ’ ಅಂತ ಓದಬೇಡಿ. ಇಲ್ಲಿನ ‘ಇನ್-’ ಇಲ್ಲ ಅನ್ನೋದಲ್ಲ. ಅರ್ಥ: ಸುಲಭವಾಗಿ ಹೊತ್ತಿಕೊಳ್ಳುತ್ತೆ. ‘ಫ್ಲೇಮಬಲ್’ ಅಂದರೂ ಅದೇ. ಉರಿಯದ್ದಕ್ಕೆ ‘ನಾನ್‌ಫ್ಲೇಮಬಲ್’. ಈ ಗೊಂದಲ ಬೇಡ ಅಂತಲೇ ಈಗಿನ ಲೇಬಲ್‌ಗಳಲ್ಲಿ ಹೆಚ್ಚಾಗಿ ‘ಫ್ಲೇಮಬಲ್’ ಅಂತ ಬರೆಯುತ್ತಾರೆ.

ನೀವೇ ಬಿಡಿಸಿ

ಅನೈಸೋಟ್ರೋಪಿಕ್: ಅನ್, ಐಸೋ, ಟ್ರೋಪ್, ಇಕ್. ‘ಟ್ರೋಪ್’ ಅಂದರೆ ತಿರುಗು, ದಿಕ್ಕು. ಮರದ ಹಲಗೆ ಎಳೆಯ ಉದ್ದಕ್ಕೆ ಒಂಥರ, ಅಡ್ಡಕ್ಕೆ ಇನ್ನೊಂಥರ ಗಟ್ಟಿ ಇರೋದನ್ನ ನೆನೆಸಿಕೊಂಡು, ಅರ್ಥವನ್ನು ಕನ್ನಡದಲ್ಲೇ ಒಂದು ಸಾಲು ಬರೆದು ನೋಡಿ. ಬರೆಯೋಕೆ ಬಂತು ಅಂದರೆ ಪದ ನಿಮ್ಮದಾಯ್ತು.